ಅಭ್ಯಂಜನ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಅದಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲೇ ಹೇಳಿಬಿಡುವುದು ಶಿಷ್ಟಸಂಪ್ರದಾಯವಾದ್ದರಿಂದ, ವಾಚಕರ ತಾಳ್ಮೆಯನ್ನು ಪರೀಕ್ಷಿಸುವ ದುರುದ್ದೇಶ ಎಳ್ಳಷ್ಟೂ ಇಲ್ಲದೆ ನಾನೂ ಹಾಗೆಯೇ ಆರಂಭಿಸುತ್ತೇನೆ. ಈ ಗ್ರಂಥಕ್ಕೆ ವಿಷಯವು ಆಶ್ವಯುಜ ಬಹುಳ ಚತುರ್ದಶಿಯ, ಎಂದರೆ ನರಕಚತುರ್ದಶಿಯ, ಎಣ್ಣೆನೀರು. ಪ್ರಯೋಜನವು ಮೈಕೈ ನೋವಿನ ಆತ್ಯಂತಿಕ ನಿವೃತ್ತಿ ಮತ್ತು ತದನಂತರದ ಕಜ್ಜಾಯಪ್ರಾಪ್ತಿ. ಸಂಬಂಧವು ಹಂಡೆಗೂ ಒಲೆಗೂ ಇರತಕ್ಕ ಆಧಾರಾಧೇಯಭಾವ. ಇನ್ನು ಅಧಿಕಾರಿ ಯಾರೆಂದರೆ, ಮಣ್ಣಿನ ಒಲೆಯ ಮೇಲೆ ಕೂಡಿಸಿದ ತಾಮ್ರದ ಹಂಡೆಯಿಂದ ಜೀವಮಾನದಲ್ಲಿ ಒಮ್ಮೆಯಾದರೂ ಚೊಂಬಿನಲ್ಲಿ ಮೊಗೆದು ತಲೆಗೆ ಸುರಿದುಕೊಂಡು, ಸೀಗೆಪುಡಿ ಕಣ್ಣಿಗೆ ಹೋಗಿ, ‘ಅಮ್ಮಾ!’ ಎಂದು ಊರಿಗೆ ಕೇಳುವಂತೆ ಕೂಗಿಕೊಂಡವನು. ಗೀಸರಿನ ಕೆಳಗೆ ಹುಟ್ಟಿ ಬೆಳೆದವರು ಮಂದಾಧಿಕಾರಿಗಳು. ಅವರಿಗೆ ಶ್ರವಣ ಮಾತ್ರ ವಿಹಿತ, ಚರ್ಚೆ ನಿಷಿದ್ಧ.

ಇಂಥದೊಂದು ಶಾಸ್ತ್ರದ ಅಗತ್ಯವಾದರೂ ಏನಿತ್ತು ಎಂದು ಕೇಳುವವರಿಗೆ ಕಾರಣವನ್ನೂ ಹೇಳಬೇಕು. ಈಚೆಗೆ ಒಂದು ವಿಚಾರಸಂಕಿರಣದಲ್ಲಿ (ಊರು ಬೇಡ, ಸಂಸ್ಥೆಯೂ ಬೇಡ) ಶಾಲು ಹೊದ್ದ ವಿದ್ವಾಂಸರೊಬ್ಬರು ‘ಭಾರತೀಯ ಗೃಹಸಂಸ್ಕೃತಿಯಲ್ಲಿ ಪರ್ವದಿನಗಳ ಪ್ರತೀಕಾತ್ಮಕ ಆಯಾಮಗಳು’ ಎಂಬ ವಿಷಯವನ್ನು ಕುರಿತು ಒಂದೂವರೆ ಗಂಟೆ ಮಾತನಾಡಿದರು. ಅವರ ಉಪನ್ಯಾಸದಲ್ಲಿ ದೀಪವು ಪ್ರತೀಕವಾಗಿತ್ತು, ಎಣ್ಣೆ ಪ್ರತೀಕವಾಗಿತ್ತು, ನೀರು ಪ್ರತೀಕವಾಗಿತ್ತು, ಹೊಸಿಲು ಒಳಗಿಗೂ ಹೊರಗಿಗೂ ನಡುವಣ ಅನುಸಂಧಾನದ ನೆಲೆಯಾಗಿತ್ತು. ಗೃಹಿಣಿಯಂತೂ ‘ಕೌಟುಂಬಿಕ ಮಹಾಯಜ್ಞದ ಅಧ್ವರ್ಯು’, ‘ನಿತ್ಯತ್ಯಾಗದ ಸಜೀವ ಸಂಕೇತ’, ಮತ್ತು ಇನ್ನೂ ಏನೇನೋ ಆಗಿ ವೇದಿಕೆಯ ಮೇಲೆ ಮೂರಡಿ ಎತ್ತರದಲ್ಲಿ ತೇಲುತ್ತಿದ್ದಳು. ಇಷ್ಟೆಲ್ಲ ಪ್ರತೀಕಗಳ ನಡುವೆ ಒಲೆ ಊದುವ ಕೆಲಸ ಯಾರದೆಂಬುದು ಮಾತ್ರ ಎಲ್ಲಿಯೂ ಬರಲಿಲ್ಲ. ಚಪ್ಪಾಳೆಯಾದ ಮೇಲೆ ಭೋಜನಶಾಲೆಯಲ್ಲಿ ನನ್ನ ಎದುರಿಗೇ ಕುಳಿತ ಆ ಮಹನೀಯರು, ಬಡಿಸಲು ಬಂದ ಹೆಂಗಸಿನ ಮುಖವನ್ನೂ ನೋಡದೆ, ‘ಹೋಳಿಗೆಗೆ ತುಪ್ಪ ಕಾಯಿಸಲಿಲ್ಲವೇನಮ್ಮ?’ ಎಂದರು. ಅಂದು ರಾತ್ರಿಯೇ ನಾನು ಈ ಗ್ರಂಥರಚನೆಗೆ ಸಂಕಲ್ಪ ಮಾಡಿದೆ. ಅವರ ಭಾಷೆಯಲ್ಲಿ ಹೇಳಿದರೆ ಅವರಿಗೆ ಕೇಳಿಸೀತೆಂಬ ಆಸೆ.

ಗ್ರಂಥವು ಏಳು ಅಧ್ಯಾಯಗಳುಳ್ಳದ್ದು. ವೈಶೇಷಿಕರು ಹೇಳುವ ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ, ಅಭಾವ ಎಂಬ ಏಳು ಪದಾರ್ಥಗಳಿಗೆ ಒಂದೊಂದರಂತೆ ಈ ವಿಭಾಗ. ಕಣಾದಮಹರ್ಷಿಯು ಆರನ್ನು ಮಾತ್ರ ಎಣಿಸಿದ್ದನು. ಅಭಾವವನ್ನು, ಎಂದರೆ ಇಲ್ಲದಿರುವಿಕೆಯನ್ನು, ಏಳನೆಯ ಪದಾರ್ಥವೆಂದು ಸೇರಿಸಿದವರು ಆತನ ಅನಂತರದವರು. ಅವರು ದೊಡ್ಡ ಕುಟುಂಬಗಳಲ್ಲಿ ಹುಟ್ಟಿದವರೇ ಇರಬೇಕೆಂದು ನನ್ನ ಊಹೆ.

ಪ್ರಥಮಾಧ್ಯಾಯ: ದ್ರವ್ಯನಿರೂಪಣೆ

ದ್ರವ್ಯಗಳಲ್ಲಿ ಮೊದಲನೆಯದು ಹಂಡೆ. ತ್ರಯೋದಶಿಯ ಸಂಜೆ, ನೀರು ತುಂಬುವ ಹಬ್ಬವೆಂದು ನಮ್ಮ ಕಡೆ ಕರೆಯುವ ಆ ದಿನ, ವರ್ಷವೆಲ್ಲ ಬಚ್ಚಲುಮನೆಯ ಮೂಲೆಯಲ್ಲಿ ಮಸಿ ಬಳಿದುಕೊಂಡು ಕುಳಿತಿದ್ದ ಹಂಡೆಯನ್ನು ಒಲೆಯಿಂದ ಇಳಿಸಿ, ಹೊರಮೈಯ ಕರಿಯನ್ನು ಕೆರೆದು, ಒಳಮೈಯನ್ನು ಹುಣಿಸೆಹಣ್ಣಿನಿಂದ ಉಜ್ಜಿ, ತಾಮ್ರದ ಕೆಂಪು ಮತ್ತೆ ಕಣ್ಣಿಗೆ ಕಾಣುವವರೆಗೆ ಬೂದಿ ಹಾಕಿ ತಿಕ್ಕಿ, ಪುನಃ ಒಲೆಯ ಮೇಲೆ ಕೂಡಿಸಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಎಳೆದು, ಅರಿಸಿನ ಕುಂಕುಮವಿಟ್ಟು, ಕೊರಳಿಗೆ ಹೂವಿನ ಸರ ಕಟ್ಟುತ್ತಾರೆ. ಉತ್ತರ ಕನ್ನಡದ ಕಡೆ ಹೂವಿನ ಬದಲು ಹಿಂಡಲೆಕಾಯಿ ಕಟ್ಟುವುದೂ ಉಂಟು. ಬಳಿಕ ಬಾವಿಗೆ ಪೂಜೆಯಾಗಿ, ಬಿಂದಿಗೆಯಿಂದ ಬಿಂದಿಗೆಯಾಗಿ ನೀರು ಸೇದಿ ಹಂಡೆ ತುಂಬುತ್ತಾರೆ. ಮೇಲಿನ ವಾಕ್ಯಗಳಲ್ಲಿ ‘ಕೆರೆದು’, ‘ಉಜ್ಜಿ’, ‘ತಿಕ್ಕಿ’, ‘ಸೇದಿ’ ಎಂಬ ಕ್ರಿಯಾಪದಗಳಿಗೆಲ್ಲ ಕರ್ತೃಪದ ಲುಪ್ತವಾಗಿರುವುದನ್ನು ವೈಯಾಕರಣರು ಗಮನಿಸಿರಬಹುದು. ಇದು ಲೇಖಕನ ಪ್ರಮಾದವಲ್ಲ. ಮನೆಯ ಹಬ್ಬಗಳನ್ನು ಕುರಿತು ಬರೆದ ಪ್ರಬಂಧಗಳಲ್ಲಿ ನಾನು ಕಂಡ ರಚನಾಕ್ರಮವೇ ಅದು; ಹಂಡೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ.

ಎರಡನೆಯ ದ್ರವ್ಯ ಇಂಧನ. ತೆಂಗಿನ ಮಟ್ಟೆ ಬೇಗ ಹೊತ್ತಿ ಬೇಗ ಆರುವಂಥದು, ರಜೋಗುಣಪ್ರಧಾನ. ಹಸಿ ಸೌದೆ ಹೊಗೆಯನ್ನಲ್ಲದೆ ಬೇರೇನನ್ನೂ ಕೊಡದ ತಮೋಗುಣಪ್ರಧಾನ. ಒಣಗಿದ ಕರಟ ಮಾತ್ರ ಶುದ್ಧ ಸತ್ತ್ವ. ಆಶ್ವಯುಜದ ಕೊನೆಯೆಂದರೆ ಹಿಂಗಾರಿನ ಕಾಲ. ಸೌದೆಕೊಟ್ಟಿಗೆಯ ಮಾಡು ಸೋರಿ ತಮೋಗುಣವೇ ಮೇಲಾಗಿರುವ ಸಂಭವ ಹೆಚ್ಚು. ‘ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ’ ಎಂದು ತಾರ್ಕಿಕರು ಎರಡು ಸಾವಿರ ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. ಹಸಿ ಸೌದೆಯ ಒಲೆಯ ಮುಂದೆ ಬೆಳಗಿನ ಜಾವ ಊದುಕೊಳವೆ ಹಿಡಿದು ಕುಳಿತವರಾರೂ ಈ ವ್ಯಾಪ್ತಿಯನ್ನು ಒಪ್ಪಲಾರರು. ಅಡುಗೆಮನೆಯನ್ನೇ ತಮ್ಮ ಅನುಮಾನಕ್ಕೆ ದೃಷ್ಟಾಂತವಾಗಿ ಕೊಟ್ಟ ಆ ಮಹಾಶಯರು ಅಡುಗೆಮನೆಯೊಳಗೆ ಕಾಲಿಟ್ಟಿದ್ದರೆ ತರ್ಕಶಾಸ್ತ್ರದ ಇತಿಹಾಸವೇ ಬೇರೆಯಾಗುತ್ತಿತ್ತು.

ಮೂರನೆಯದು ಎಣ್ಣೆ. ಬಯಲುಸೀಮೆಯಲ್ಲಿ ನೆತ್ತಿಗೆ ಹರಳೆಣ್ಣೆ, ಕರಾವಳಿಯಲ್ಲಿ ತೆಂಗಿನೆಣ್ಣೆ, ಮೈಗೆ ಎಳ್ಳೆಣ್ಣೆ ಆದೀತು. ವಾಗ್ಭಟಾಚಾರ್ಯನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಎಣ್ಣೆಯೊತ್ತಿಕೊಳ್ಳುವುದನ್ನು ನಿತ್ಯಕರ್ಮವೆಂದೇ ವಿಧಿಸಿ, ಅದು ಮುಪ್ಪನ್ನೂ ಬಳಲಿಕೆಯನ್ನೂ ವಾತವನ್ನೂ ಕಳೆಯುವುದೆಂದೂ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆಂದೂ ಹೇಳಿದ್ದಾನೆ. ಬಳಲಿಕೆಯನ್ನು ಕಳೆಯುವ ವಸ್ತುವು ಬಳಲಿದವರಿಗೆ ಮೊದಲು ಸಲ್ಲಬೇಕೆಂಬುದು ಇದರಿಂದ ತಾನಾಗಿ ಸಿದ್ಧಿಸುತ್ತದೆ. ಆದರೆ ಸಿದ್ಧಿಸಿದ್ದೆಲ್ಲ ಮನೆಗಳಲ್ಲಿ ನಡೆಯುವುದಿಲ್ಲ. ಸೀಗೆಪುಡಿ, ಕಡಲೆಹಿಟ್ಟು, ಮಣೆ, ಚೊಂಬು, ಒಣಗಿದ ಪಂಚೆ ಮೊದಲಾದ ಉಪದ್ರವ್ಯಗಳನ್ನು ಗ್ರಂಥವಿಸ್ತರಭಯದಿಂದ ಇಲ್ಲಿ ಬಿಟ್ಟಿದೆ. ಒಣಗಿದ ಪಂಚೆಯ ಮಾತು ಮುಂದೆ ಬರುತ್ತದೆ.

ದ್ವಿತೀಯಾಧ್ಯಾಯ: ಗುಣವಿಚಾರ

ಜಲದ ಸ್ವಾಭಾವಿಕ ಗುಣ ಶೀತಸ್ಪರ್ಶ. ಬಿಸಿಯು ಅದಕ್ಕೆ ಆಗಂತುಕ, ಎಂದರೆ ಬೇರೊಬ್ಬರ ಕೃಪೆಯಿಂದ ಬರತಕ್ಕದ್ದು. ಬಂದದ್ದು ಹೋಗಲೇಬೇಕು. ನ್ಯೂಟನ್ ಮಹಾಶಯನು 1701ರಲ್ಲಿ, ತನ್ನ ಹೆಸರನ್ನೂ ಹಾಕಿಕೊಳ್ಳದೆ ಪ್ರಕಟಿಸಿದ ಲೇಖನವೊಂದರಲ್ಲಿ, ಬಿಸಿಯಾದ ಪದಾರ್ಥವು ಸುತ್ತಣ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯಾಗಿರುತ್ತದೆಯೋ ಅಷ್ಟು ಬೇಗ ಆರುತ್ತದೆ ಎಂದು ನಿರೂಪಿಸಿದನು. ಆದರೆ ಆತನು ಅವಿವಾಹಿತ. ಅವಿಭಕ್ತ ಕುಟುಂಬವನ್ನಂತೂ ಕಂಡವನೇ ಅಲ್ಲ. ಹಂಡೆಯ ನೀರು ಆರುವುದಕ್ಕೆ ಗಾಳಿ ಕಾರಣವಲ್ಲ, ಸರದಿ ಕಾರಣ. ನಮ್ಮ ಸಿದ್ಧಾಂತವನ್ನು ಹೀಗೆ ಸೂತ್ರಿಸಬಹುದು: ಸ್ನಾನೋದಕದ ಬಿಸಿಯು, ಆ ಬಿಸಿಯನ್ನು ಉಂಟುಮಾಡುವಲ್ಲಿ ಸ್ನಾನಮಾಡುವವನು ಪಟ್ಟ ಶ್ರಮಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಹೆಚ್ಚು ದುಡಿದವರಿಗೆ ತಣ್ಣೀರು. ಏನೂ ಮಾಡದವನಿಗೆ ಹೊಗೆಯಾಡುವ ನೀರು.

ಇದಕ್ಕೆ ಪ್ರತಿಯಾಗಿ ಪೂರ್ವಿಕರು ಒಂದು ನ್ಯಾಯವಾದ ಕಟ್ಟಳೆಯನ್ನು ಮಾಡಿಯೇ ಇದ್ದರಲ್ಲ ಎಂದು ಆಕ್ಷೇಪಿಸಬಹುದು. ಮಾಡಿದ್ದರು. ಮಿಂದವನು ಹಂಡೆಗೆ ಎರಡು ಬಿಂದಿಗೆ ತಣ್ಣೀರು ಸುರಿದು, ಒಲೆಗೆ ಎರಡು ಸೌದೆ ಒಟ್ಟಿ ಬರತಕ್ಕದ್ದು ಎಂಬುದು ಹಂಡೆಯಿದ್ದ ಮನೆಗಳ ಅಲಿಖಿತ ಶಾಸನ. ಇದರ ಪಾಡನ್ನು ನೋಡಿ. ಶಾಸನವನ್ನು ಪಾಲಿಸಿದರೆ ಹಂಡೆಯ ನೀರು ತಣ್ಣಗಾಗುತ್ತದೆ. ಪಾಲಿಸದಿದ್ದರೆ ಹಂಡೆಯಲ್ಲಿ ನೀರೇ ಇರುವುದಿಲ್ಲ. ಇದನ್ನು ಪ್ರಾಚೀನರು ‘ಉಭಯತಃಪಾಶಾರಜ್ಜು’ ಎಂದರು, ಎರಡು ತುದಿಯಲ್ಲಿಯೂ ಕುಣಿಕೆಯುಳ್ಳ ಹಗ್ಗ. ಎಣ್ಣೆಯ ಮೈಯಲ್ಲಿ ಬಿಂದಿಗೆ ಜಾರುತ್ತದೆಂದು ಒಬ್ಬರು, ಮಿಂದ ಮೇಲೆ ಮಸಿ ಮುಟ್ಟಬಾರದೆಂದು ಇನ್ನೊಬ್ಬರು, ಹೀಗೆ ಪ್ರತಿಯೊಬ್ಬರೂ ಶಾಸನಕ್ಕೆ ಒಂದೊಂದು ಅಪವಾದವನ್ನು ಸಂಪಾದಿಸಿಕೊಂಡು ಹೊರಬರುತ್ತಿದ್ದರು. ಅಪವಾದವಿಲ್ಲದೆ ಉಳಿದವರು ಒಬ್ಬರೇ. ಹಂಡೆಯಲ್ಲಿ ಬೆಳಗಿನ ತನಕ ನೀರು ಹೇಗಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ.

ತೃತೀಯಾಧ್ಯಾಯ: ಕರ್ಮವಿಚಾರ, ಸ್ನಾತೃಭೇದಸಹಿತ

ಕರ್ಮಕ್ಕೆ ಕಾಲವು ಅಂಗ. ಚತುರ್ದಶಿಯ ಅಭ್ಯಂಗಕ್ಕೆ ಸೂರ್ಯೋದಯಕ್ಕೆ ಮುಂಚೆ, ಕ್ಷೀಣಚಂದ್ರನು ಮೂಡುವ ಹೊತ್ತು ಪ್ರಶಸ್ತವೆಂದು ಧರ್ಮಶಾಸ್ತ್ರಕಾರರು ಹೇಳುತ್ತಾರೆ. ಕಮಲಾಕರಭಟ್ಟನು 1612ರಲ್ಲಿ ಬರೆದ ನಿರ್ಣಯಸಿಂಧುವಿನಿಂದ ಮೊದಲುಗೊಂಡು ಈ ವರ್ಷದ ಪಂಚಾಂಗದವರೆಗೆ ತಿಥಿಗಳ ವಿಷಯದಲ್ಲಿ ನಡೆದಿರುವ ಸೂಕ್ಷ್ಮಚರ್ಚೆಯನ್ನು ಕಂಡರೆ ತಲೆ ತಾನಾಗಿ ಬಾಗುತ್ತದೆ. ಇಪ್ಪತ್ತನಾಲ್ಕು ನಿಮಿಷದ ಒಂದು ಘಳಿಗೆ ಅತ್ತಿತ್ತಾದರೆ ಪುಣ್ಯ ಕೈತಪ್ಪುತ್ತದೆಂಬ ಎಚ್ಚರ! ಆ ಘಳಿಗೆಗೆ ಸರಿಯಾಗಿ ಹಂಡೆಯ ನೀರು ಕುದಿಯಬೇಕಾದರೆ ಎಷ್ಟು ಘಳಿಗೆ ಮುಂಚೆ ಯಾರು ಎದ್ದಿರಬೇಕೆಂಬ ಲೆಕ್ಕವನ್ನು ಮಾತ್ರ ಮನೆಗೇ ಬಿಟ್ಟುಬಿಟ್ಟರು. ಮನೆ ಅದನ್ನು ಅಮ್ಮನಿಗೆ ಬಿಟ್ಟಿತು.

ಮೊದಲು ಎಣ್ಣೆಶಾಸ್ತ್ರ. ಮಣೆಯ ಮೇಲೆ ಕುಳಿತವನ ನೆತ್ತಿಗೆ ಎಣ್ಣೆಯಿಡುವ ಮುನ್ನ ಗರಿಕೆಯಿಂದ ನೆಲಕ್ಕೆ ಎಣ್ಣೆ ಮುಟ್ಟಿಸಿ ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮರೆಂಬ ಸಪ್ತ ಚಿರಂಜೀವಿಗಳನ್ನು ನೆನೆಯುತ್ತಾರೆ. ಚಿರಾಯುಸ್ಸಿಗಾಗಿ ಮಾಡುವ ಈ ಸ್ಮರಣೆಯಲ್ಲಿ ಆಕ್ಷೇಪಾರ್ಹವಾದದ್ದೇನೂ ಇಲ್ಲ. ಆದರೆ ಸೃಷ್ಟಿಯಲ್ಲಿ ಎಂದೂ ಸಾಯದಿರುವ ಏಳು ಮಂದಿಗೆ, ಅದರಲ್ಲಿಯೂ ನಮ್ಮ ಬಚ್ಚಲುಮನೆಗೆ ಒಮ್ಮೆಯೂ ಬಾರದ ಏಳು ಮಂದಿಗೆ, ಎಣ್ಣೆಯಲ್ಲಿ ಮೊದಲ ಪಾಲಿತ್ತೆಂಬುದನ್ನು ದಾಖಲೆಗಾಗಿ ಬರೆದಿಡುತ್ತೇನೆ.

ಇನ್ನು ಸ್ನಾನಮಾಡುವವರು ಎಂಟು ವಿಧ. ಒಂದನೆಯವನು ಅಗ್ರಸ್ನಾತೃ: ವಯಸ್ಸಿನಿಂದ ಹಿರಿಯನು, ನಮ್ಮ ಮನೆಯಲ್ಲಿ ತಾತ. ಈತನು ಹೆಚ್ಚು ನೀರು ಖರ್ಚು ಮಾಡುವುದಿಲ್ಲ, ಆದರೆ ಹೆಚ್ಚು ಹೊತ್ತು ಖರ್ಚು ಮಾಡುತ್ತಾನೆ. ಪ್ರತಿ ಚೊಂಬಿಗೂ ಒಂದು ನದಿಯ ಹೆಸರು ಹೇಳುತ್ತಾನಾಗಿ, ಭರತಖಂಡದಲ್ಲಿ ನದಿಗಳು ಇನ್ನಷ್ಟು ಕಡಿಮೆಯಿದ್ದರೆ ಚೆನ್ನಾಗಿತ್ತೆಂದು ಬಾಗಿಲ ಹೊರಗೆ ನಿಂತವರಿಗೆ ಅನ್ನಿಸುವುದು ಸಹಜ.

ಎರಡನೆಯವನು ಘೋಷಸ್ನಾತೃ. ನಮ್ಮ ದೊಡ್ಡಪ್ಪ ಈ ವರ್ಗದ ಶಿರೋಮಣಿ. ಬಚ್ಚಲುಮನೆಯ ಕದ ಮುಚ್ಚಿದೊಡನೆ ಆತನಲ್ಲಿ ಒಂದು ರಾಜತ್ವ ಆವಿರ್ಭವಿಸುತ್ತಿತ್ತು. ‘ಯಾರಲ್ಲಿ? ಒಲೆಗೆ ಇನ್ನೆರಡು ಸೌದೆ ಒಟ್ಟಿ!’ ಎಂದು ಒಳಗಿನಿಂದ ಗರ್ಜನೆ. ‘ಯಾರಲ್ಲಿ?’ ಎಂಬುದು ಸಂಸ್ಥಾನಾಧಿಪತಿಗಳು ಕೇಳುತ್ತಿದ್ದ ಪ್ರಶ್ನೆ. ಅವರಿಗೆ ಓಗೊಡಲು ಹತ್ತಾರು ಊಳಿಗದವರಿದ್ದರು. ನಮ್ಮಲ್ಲಿ ಅಲ್ಲಿ ಯಾರಿದ್ದರೆಂಬುದು ದೊಡ್ಡಪ್ಪನಿಗೂ ಗೊತ್ತಿತ್ತು, ಸೌದೆಗೂ ಗೊತ್ತಿತ್ತು. ಅಡುಗೆಮನೆಯಲ್ಲಿ ಬಾಣಲೆಯ ಮುಂದಿದ್ದ ಅಮ್ಮ, ಕಜ್ಜಾಯವನ್ನು ಮಗುಚಿಹಾಕಿ, ಸೆರಗಿನಲ್ಲಿ ಕೈಯೊರೆಸಿಕೊಳ್ಳುತ್ತ ಹಿತ್ತಲಿಗೆ ಓಡಿ, ಸೌದೆ ಒಟ್ಟಿ, ಊದಿ, ಮರಳಿ ಓಡಿಬರುವಷ್ಟರಲ್ಲಿ ಕಜ್ಜಾಯ ಕಪ್ಪಾಗಿರುತ್ತಿತ್ತು. ಆ ಕಪ್ಪಾದ ಕಜ್ಜಾಯ ಕೊನೆಗೆ ಯಾರ ಎಲೆಗೆ ಬೀಳುತ್ತಿತ್ತೆಂಬುದು ಪ್ರಕೃತ ವಿಷಯವಲ್ಲ.

ಮೂರನೆಯವನು ಜಾಮಾತೃ, ಎಂದರೆ ಮದುವೆಯಾದ ಮೊದಲ ದೀಪಾವಳಿಗೆ ಮಾವನ ಮನೆಗೆ ಬಂದ ಅಳಿಯ. ಈತನ ವಿಷಯದಲ್ಲಿ ಸಾಮಾನ್ಯ ಶಾಸ್ತ್ರಗಳೆಲ್ಲ ನಿಲುಗಡೆಯಾಗುತ್ತವೆ. ಸೌದೆಯೊಲೆಯ ಮುಂದೆ ಮೂರು ಗಂಟೆಗೆ ಎದ್ದು ಕುಳಿತ ಅತ್ತೆಯೇ ‘ಅಳಿಯಂದಿರಿಗೆ ನೀರು ಹದವಾಗಿದೆಯೋ ಹೇಗೋ’ ಎಂದು ಕದದಾಚೆ ಆತಂಕದಿಂದ ನಿಂತಿರುತ್ತಾಳೆ. ಒಳಗಿನಿಂದ ‘ಪರವಾಗಿಲ್ಲ’ ಎಂಬ ಒಂದು ಉದ್ಗಾರ ಬರುತ್ತದೆ. ಅಷ್ಟು ಹೊತ್ತಿಗೆ ಅರ್ಧ ಹಂಡೆ ಮೋರಿಯ ಪಾಲಾಗಿರುತ್ತದೆ. ಹೊರಬಂದವನಿಗೆ ಜರಿಪಂಚೆ, ಬೆಳ್ಳಿಯ ಲೋಟದಲ್ಲಿ ಕಾಫಿ, ಬೆರಳಿಗೆ ಉಂಗುರ. ಇಷ್ಟಾದರೂ ಮುಖ ಊದಿಸಿಕೊಂಡ ಅಳಿಯಂದಿರುಂಟು. ಅಂಥವರನ್ನು ವರ್ಗೀಕರಿಸುವುದು ಈ ಶಾಸ್ತ್ರದ ಶಕ್ತಿಗೆ ಮೀರಿದ್ದು.

ನಾಲ್ಕನೆಯವನು ಪಲಾಯನಸ್ನಾತೃ: ಹರಳೆಣ್ಣೆ ಕಣ್ಣಿಗಿಳಿಯುತ್ತದೆಂದು ಕಣಜದ ಹಿಂದೆ ಅವಿತುಕೊಳ್ಳುವ ಹುಡುಗ. ಐದನೆಯವನು... ಐದು, ಆರು, ಏಳನೆಯವರನ್ನು ನಾನು ಕಷ್ಟಪಟ್ಟು ಹೆಸರಿಟ್ಟು ಬರೆದುಕೊಂಡಿದ್ದೆ. ಈಗ ನೋಡಿದರೆ ಆ ಹೆಸರುಗಳಲ್ಲಿ ನಗು ಉಳಿದಿಲ್ಲ. ಸಾಮಾನ್ಯ, ವಿಶೇಷ, ಸಮವಾಯಗಳೆಂಬ ಮೂರು ಅಧ್ಯಾಯಗಳನ್ನೂ ಕೈಬಿಡುತ್ತೇನೆ. ಈ ಮನೆಯಲ್ಲಿ ಯಾವುದು ಸಾಮಾನ್ಯವಾಗಿತ್ತು, ಯಾರು ವಿಶೇಷರಾಗಿದ್ದರು ಎಂಬುದು ಇಷ್ಟರಲ್ಲಿ ತಿಳಿದೇ ಇದೆ. ಎಂಟನೆಯವಳ ಮಾತಿಗೆ, ಎಂದರೆ ಅಭಾವದ ಅಧ್ಯಾಯಕ್ಕೆ, ನೇರವಾಗಿ ಹೋಗೋಣ.

ಅಭಾವವು ನಾಲ್ಕು ಬಗೆಯೆಂದು ತಾರ್ಕಿಕರು. ಅಮ್ಮ ಎದ್ದು ಒಲೆ ಹಚ್ಚುವುದಕ್ಕೆ ಮುಂಚೆ ಮನೆಯಲ್ಲಿ ಬಿಸಿನೀರಿಗೆ ಇದ್ದದ್ದು ಪ್ರಾಗಭಾವ. ಎಲ್ಲರೂ ಮಿಂದ ಮೇಲೆ ಉಂಟಾದದ್ದು ಪ್ರಧ್ವಂಸಾಭಾವ. ಹಂಡೆಯೇ ಬಿಸಿನೀರಲ್ಲವೆಂಬುದು ಅನ್ಯೋನ್ಯಾಭಾವ, ಅದನ್ನು ಬಿಡಿ. ಅಮ್ಮನ ಸರದಿಯಲ್ಲಿ ಬಿಸಿನೀರಿಗೆ ಇದ್ದದ್ದು ಭೂತ, ಭವಿಷ್ಯತ್, ವರ್ತಮಾನ ಮೂರು ಕಾಲದಲ್ಲಿಯೂ ಇಲ್ಲದಿರುವ ಅತ್ಯಂತಾಭಾವ. ನಾನು ಕಂಡಷ್ಟನ್ನು ಹೇಳುತ್ತೇನೆ. ಎಲ್ಲರ ಎಣ್ಣೆನೀರಾಗಿ, ಹುಡುಗರಾದ ನಾವು ಹೊಸ ಬಟ್ಟೆ ತೊಟ್ಟು ಪಟಾಕಿಯ ಕಡೆ ಓಡಿದ ಮೇಲೆ, ಬಿಸಿಲು ಅಂಗಳದ ತುಳಸಿಕಟ್ಟೆಯನ್ನು ದಾಟಿದ ಮೇಲೆ, ಅಮ್ಮ ಎಣ್ಣೆಯ ಬಟ್ಟಲಿನ ತಳವನ್ನು ಎರಡು ಬೆರಳಿನಿಂದ ಸವರಿ ನೆತ್ತಿಗೆ ಒತ್ತಿಕೊಳ್ಳುತ್ತಿದ್ದಳು. ಬಚ್ಚಲಿಗೆ ಹೋಗಿ, ಮೊದಲು ಮೋರಿಗೆ ಕಟ್ಟಿಕೊಂಡ ಸೀಗೆಯ ಚರಟವನ್ನೂ ಕೂದಲನ್ನೂ ಕೈಯಿಂದ ತೆಗೆದು, ಜಾರದಂತೆ ಕಲ್ಲನ್ನು ತಿಕ್ಕಿ, ಆಮೇಲೆ ಹಂಡೆಗೆ ಬಗ್ಗುತ್ತಿದ್ದಳು. ಚೊಂಬು ತಳಕ್ಕೆ ಕೆರೆಯುವ ಸದ್ದು ಹಜಾರಕ್ಕೆ ಕೇಳುತ್ತಿತ್ತು. ಹೊರಗೆ ಬಂದಾಗ ಒರೆಸಿಕೊಳ್ಳಲು ಒಂದು ಒಣ ಪಂಚೆಯೂ ಹಗ್ಗದ ಮೇಲೆ ಉಳಿದಿರುತ್ತಿರಲಿಲ್ಲ. ಎಲ್ಲವನ್ನೂ ನಾವು ಒದ್ದೆಮಾಡಿ ಎಸೆದಿರುತ್ತಿದ್ದೆವು. ಇದ್ದುದರಲ್ಲಿ ಕಡಿಮೆ ಒದ್ದೆಯಾದದ್ದನ್ನು ಹಿಂಡಿ ಕೂದಲಿಗೆ ಸುತ್ತಿಕೊಂಡು, ರವಿಕೆಯ ಬೆನ್ನೆಲ್ಲ ತೊಯ್ದು, ಸೀನುತ್ತ ಮತ್ತೆ ಬಾಣಲೆಯ ಮುಂದೆ. ‘ಎಷ್ಟು ಹೊತ್ತೇ ನಿಂದು? ಪೂಜೆಗೆ ಆರತಿತಟ್ಟೆ ಎಲ್ಲಿ?’ ಎಂದು ಆಗ ದೇವರಮನೆಯಿಂದ ಒಂದು ದನಿ. ‘ಬಂದೆ, ಎರಡು ಚೊಂಬು ಸುರಕೊಂಡದ್ದಷ್ಟೆ’ ಎಂದು ಅವಳ ಉತ್ತರ. ಅದು ನಿಜವಾಗಿಯೂ ಎರಡೇ ಚೊಂಬು.

ಚತುರ್ದಶಿಯ ಮುಂಜಾವದಲ್ಲಿ ಎಣ್ಣೆಯಲ್ಲಿ ಲಕ್ಷ್ಮಿಯೂ ನೀರಿನಲ್ಲಿ ಗಂಗೆಯೂ ನೆಲೆಸಿರುತ್ತಾರೆಂದು ನಂಬಿಕೆ. ಸೂರ್ಯ ಮೂಡಿದ ಮೇಲೆ ಆ ಸನ್ನಿಧಾನವಿಲ್ಲ. ಹಾಗಾದರೆ, ಶಾಸ್ತ್ರವನ್ನು ಅಕ್ಷರಶಃ ನಡೆಸಿದರೆ, ಆ ದಿನದ ಪುಣ್ಯ ಮನೆಯಲ್ಲಿ ಎಲ್ಲರಿಗೂ ಬಂದು, ಅದನ್ನು ಸಾಧ್ಯಮಾಡಿದವಳೊಬ್ಬಳಿಗೆ ಮಾತ್ರ ತಪ್ಪಿತು. ಇದನ್ನು ಯಾವ ನಿರ್ಣಯಸಿಂಧುವಿನಲ್ಲಿ ಹುಡುಕೋಣ?

ಅಮ್ಮ ಹಬ್ಬದ ಪಂಕ್ತಿಯಲ್ಲಿ ಇಲ್ಲವೆಂಬುದು ಯಾವ ಪ್ರಮಾಣದಿಂದ ತಿಳಿಯತಕ್ಕದ್ದು? ಭಾಟ್ಟಮೀಮಾಂಸಕರು ಇದಕ್ಕೆಂದೇ ಅನುಪಲಬ್ಧಿಯೆಂಬ ಆರನೆಯ ಪ್ರಮಾಣವನ್ನು ಒಪ್ಪಿದ್ದಾರೆ: ಇದ್ದಿದ್ದರೆ ಕಾಣುತ್ತಿತ್ತು, ಕಾಣುತ್ತಿಲ್ಲ, ಆದ್ದರಿಂದ ಇಲ್ಲ. ಆದರೆ ಆ ಪ್ರಮಾಣಕ್ಕೂ ಒಂದು ನಿಬಂಧನೆಯಿದೆ; ನೋಡುವವನು ನೋಡಿರಬೇಕು. ಎಲೆಯ ಮೇಲಿನ ಹೋಳಿಗೆಯಿಂದ ಕಣ್ಣೆತ್ತದವರಿಗೆ ಅನುಪಲಬ್ಧಿಯೂ ಒದಗಿಬರುವುದಿಲ್ಲ. ದಪ್ಪಗಿರುವ ದೇವದತ್ತನು ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಿಕೊಳ್ಳಬೇಕೆಂಬುದು ಅರ್ಥಾಪತ್ತಿಗೆ ಶಾಸ್ತ್ರದಲ್ಲಿ ಕೊಡುವ ಪ್ರಸಿದ್ಧ ಉದಾಹರಣೆ. ನಮ್ಮಮ್ಮ ಹೊತ್ತಿಗೆ ಸರಿಯಾಗಿ ಉಣ್ಣುತ್ತಿರಲಿಲ್ಲ, ದಪ್ಪಗೂ ಇರಲಿಲ್ಲ. ಕಲ್ಪಿಸಿಕೊಳ್ಳಬೇಕಾದದ್ದು ಏನೂ ಇಲ್ಲ.

ಇಲ್ಲಿ ಪೂರ್ವಪಕ್ಷ. ‘ಅದೇ ಅವಳಿಗೆ ಸಂತೋಷ. ಎಲ್ಲರಿಗೂ ಮಾಡಿ, ಎಲ್ಲರೂ ಉಂಡುದನ್ನು ಕಂಡು ತೃಪ್ತಿಪಡುವುದರಲ್ಲಿ ತಾಯಿಯ ಧನ್ಯತೆಯಿದೆ’ ಎಂದು. ಸಂಕಿರಣದ ವಿದ್ವಾಂಸರು ಹೇಳಿದ್ದೂ ಇದನ್ನೇ, ಇನ್ನೂ ಉದ್ದದ ಮಾತುಗಳಲ್ಲಿ. ಈ ಪಕ್ಷವನ್ನು ಖಂಡಿಸಲು ಯುಕ್ತಿ ಬೇಕಿಲ್ಲ. ಅವಳಿಗೆ ಸಂತೋಷವೆಂದು ಹೇಳಿದವರು ಯಾರು? ಬಿಸಿನೀರಲ್ಲಿ ಮಿಂದು ಹೊರಬಂದವರು. ಅವಳನ್ನು ಕೇಳಿದವರುಂಟೆ? ಒಮ್ಮೆ ನಮ್ಮ ಸೋದರತ್ತೆ ಕೇಳಿದ್ದಳು. ‘ಅತ್ತಿಗೆ, ನೀವು ಮೊದಲು ಮಿಂದು ಬನ್ನಿ, ನಾನು ಒಲೆ ನೋಡ್ಕೋತೀನಿ’ ಎಂದಳು. ಅಮ್ಮನ ಮುಖದಲ್ಲಿ ಆಗ ಕಂಡದ್ದು ಧನ್ಯತೆಯಲ್ಲ, ದಿಗಿಲು. ಮನೆಯಲ್ಲಿ ಯಾರಾದರೂ ಏನಾದರೂ ಅಂದಾರೆಂಬ ದಿಗಿಲು. ದಿಗಿಲನ್ನು ಧನ್ಯತೆಯೆಂದು ಓದಿಕೊಂಡು ಬಂದ ಸಂಸ್ಕೃತಿಗೆ ಪ್ರತೀಕಗಳ ವಿದ್ಯೆ ಚೆನ್ನಾಗಿ ಕೈಹತ್ತಿದೆ ಎನ್ನಬೇಕು.

ಮತ್ತೂ ಒಂದು ಮಾತಿದೆ. ನರಕಾಸುರನ ಸೆರೆಮನೆಯಲ್ಲಿ ಹದಿನಾರು ಸಾವಿರ ಹೆಂಗಸರಿದ್ದರು. ಅವನನ್ನು ಕೊಂದು ಅವರನ್ನು ಬಿಡಿಸಿದ ದಿನ ಇದು. ಯುದ್ಧಕ್ಕೆ ಕೃಷ್ಣನೊಡನೆ ಗರುಡನನ್ನೇರಿ ಹೋದವಳು ಸತ್ಯಭಾಮೆ. ಹೋರಾಡಿ ಬಂದವರು ಮೈತೊಳೆದುಕೊಂಡರೆಂಬುದೇ ಈ ಎಣ್ಣೆನೀರಿಗೆ ಹೇಳುವ ಕಥೆ. ಹೆಂಗಸರ ಬಿಡುಗಡೆಯ ಈ ಹಬ್ಬವನ್ನು ನಾವು ಊರೂರಲ್ಲಿ, ಮನೆಮನೆಯಲ್ಲಿ, ಒಬ್ಬ ಹೆಂಗಸನ್ನು ಬೆಳಗಿನ ಮೂರು ಗಂಟೆಗೆ ಎಬ್ಬಿಸಿ ಹೊಗೆಯ ಮುಂದೆ ಕೂರಿಸಿ ಆಚರಿಸುತ್ತ ಬಂದಿದ್ದೇವೆ. ಇದರಲ್ಲಿರುವ ವಿಡಂಬನೆಯನ್ನು ಬರೆಯಲು ನನ್ನಂಥ ಅಣಕುಗಾರ ಬೇಕಾಗಿಲ್ಲ. ಹಬ್ಬವೇ ಬರೆದುಕೊಂಡಿದೆ.

ಕಾಲ ಬದಲಾಯಿತಲ್ಲ ಎನ್ನುತ್ತೀರಿ. ಬದಲಾಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ಬಂತು, ಎಷ್ಟೋ ದಶಕ ಕಳೆದು ಬಚ್ಚಲುಮನೆಯೊಳಕ್ಕೂ ಇಳಿಯಿತು. 1974ರಲ್ಲಿ ಕಾವೇರಿಯನ್ನೇ ಸುಮಾರು ನೂರು ಕಿಲೋಮೀಟರು ದೂರದಿಂದ ಬೆಂಗಳೂರಿನ ಎತ್ತರಕ್ಕೆ ಏರಿಸಿ ತಂದರು. ಹಂಡೆಯನ್ನು ಕಂಚುಗಾರನಿಗೆ ಹಾಕಿದೆವು. ಕೆಲವರು ಉಜ್ಜಿ ಹೊಳಪು ಕೊಡಿಸಿ ಹಜಾರದಲ್ಲಿ ಕೊಡೆ ನಿಲ್ಲಿಸಲು ಇಟ್ಟುಕೊಂಡಿದ್ದಾರೆ. ಗೋಡೆಯ ಮೇಲೆ ಹದಿನೈದು ಲೀಟರಿನ ಗೀಸರು ಕುಳಿತಿದೆ. ಹೊಗೆ ತಪ್ಪಿತು, ಊದುಕೊಳವೆ ತಪ್ಪಿತು, ಹೆಂಗಸರ ಕಣ್ಣು ಉಳಿಯಿತು. ಇದನ್ನು ಸಣ್ಣ ಮಾತೆಂದು ನಾನು ತಿಳಿಯುವುದಿಲ್ಲ, ಆ ತಂತಿಯನ್ನೆಳೆದ ಕೈಗಳಿಗೆ ನಮಸ್ಕಾರ. ಆದರೆ ಸರದಿ ಕದಲಲಿಲ್ಲ. ಗೀಸರಿನಲ್ಲಿಯೂ ಮೊದಲ ನೀರು ಮೊದಲಿನವರದೇ. ಹದಿನೈದು ಲೀಟರು ಖಾಲಿಯಾಗಿ, ಕೆಂಪು ದೀಪ ಹೊತ್ತಿ, ಮತ್ತೆ ಕಾಯುವಷ್ಟು ಹೊತ್ತು ಕಾದಿರಲು ಯಾರಿಗೆ ಪುರಸತ್ತಿಲ್ಲವೋ ಅವರ ಪಾಲಿಗೆ ಉಗುರುಬೆಚ್ಚಗಿನ ನೀರೂ ಹೆಚ್ಚು. ಅಮ್ಮನ ಜಾಗದಲ್ಲಿ ಈಗ ಸೊಸೆ ನಿಂತಿದ್ದಾಳೆ. ಅವಳು ಕಛೇರಿಗೆ ಹೋಗುವವಳು. ಗಂಡನಷ್ಟೇ ಸಂಬಳ ತರುವವಳು. ಸರ್ಕಾರಿ ರಜಾಪಟ್ಟಿಯಲ್ಲಿ ನರಕಚತುರ್ದಶಿಯಿದೆ, ಬಲಿಪಾಡ್ಯಮಿಯಿದೆ. ಎರಡು ರಜೆಯೂ ಅವಳಿಗೆ ಕಾಗದದ ಮೇಲೆ ಸಿಕ್ಕಿವೆ. ರಜೆಯ ದಿನ ನಾಲ್ಕಕ್ಕೆ ಏಳುವವಳು, ಕಛೇರಿಯ ದಿನ ಆರಕ್ಕೆ ಏಳುತ್ತಾಳೆ. ‘ಹಬ್ಬ ಮುಗಿದು ಆಫೀಸ್ ಶುರುವಾದರೆ ಸಾಕಪ್ಪ, ಸ್ವಲ್ಪ ಕೂತುಕೊಳ್ಳಬಹುದು’ ಎಂದು ನಮ್ಮ ನೆರೆಮನೆಯ ಹುಡುಗಿ ಹೇಳಿದ್ದನ್ನು ಕೇಳಿ ನಾನು ನಗಲು ಹೋಗಿ ಸುಮ್ಮನಾದೆ.

ನನ್ನ ಅಮ್ಮ ಈಗಿಲ್ಲ. ಚತುರ್ದಶಿಯ ದಿನ ಬೆಳಗಿನ ಜಾವ ಕುದಿಯುವ ಹಂಡೆಯ ಮೊದಲ ಚೊಂಬು ತನ್ನ ತಲೆಯ ಮೇಲೆ ಬಿದ್ದರೆ ಹೇಗಿರುತ್ತದೆಂಬುದನ್ನು ಮದುವೆಯಾಗಿ ಬಂದ ಮೇಲೆ ಅವಳು ಒಂದು ವರ್ಷವಾದರೂ ಕಂಡಳೆಂದು ನಾನು ಹೇಳಲಾರೆ. ಬಾಣಂತನಕ್ಕೆ ತವರಿಗೆ ಹೋದಾಗ ಅಜ್ಜಿ ಎರೆದ ನೀರಿನ ಮಾತನ್ನು ಮುದುಕಿಯಾದ ಮೇಲೂ ಆಡುತ್ತಿದ್ದಳು. ಅಷ್ಟು ಬಿಸಿನೀರಿಗೆ ಒಂದು ಹೆಣ್ಣು ಒಂದು ಮಗುವನ್ನೇ ಹೆರಬೇಕಾಯಿತು.

ಗ್ರಂಥಕ್ಕೆ ಫಲಶ್ರುತಿ ಹೇಳಿ ಮುಗಿಸುವುದು ವಾಡಿಕೆ. ಇದನ್ನು ಓದಿದವರಿಗೆ ಧನಧಾನ್ಯಗಳಾಗಲಿ ಪುತ್ರಪೌತ್ರರಾಗಲಿ ಲಭಿಸುವುದಿಲ್ಲ. ವಿದ್ವಾಂಸರು ಖಂಡನೆ ಬರೆಯುವುದಾದರೆ ಸಂತೋಷ. ಉತ್ತರ ಕೊಡಲು ನಾನು ಸಿದ್ಧನಿದ್ದೇನೆ. ಆದರೆ ಅದಕ್ಕೆ ಮುಂಚೆ, ಬರುವ ಚತುರ್ದಶಿಯಂದು ದಯವಿಟ್ಟು ತಾವೇ ನಾಲ್ಕು ಗಂಟೆಗೆ ಎದ್ದು, ನೀರು ಕಾಯಿಸಿ, ಎಣ್ಣೆ ಬೆಚ್ಚಗೆ ಮಾಡಿ, ಮನೆಯಲ್ಲಿ ಇಷ್ಟು ವರ್ಷ ಕೊನೆಗೆ ಮಿಂದವರು ಯಾರೋ ಅವರನ್ನು ಮೊದಲು ಮಣೆಯ ಮೇಲೆ ಕೂರಿಸಿ. ಅವರು ದಿಗಿಲುಬಿದ್ದು ಬೇಡವೆಂದಾರು, ಬಿಡಬೇಡಿ. ಒಂದು ಒಣ ಟವೆಲನ್ನೂ ತೆಗೆದಿಟ್ಟಿರಿ.